ಕಾಲಿನಿಂದ ಎದೆಗೆ

ಅವರ ಕಣ್ಣು ಮೊದಲು ಬೀಳುತ್ತಿದ್ದುದು ಎದುರಿಗಿದ್ದವರ ಕಾಲಿನ ಮೇಲೆ. ಬಸ್ಸಿನಲ್ಲಿ ಪಕ್ಕ ಕೂತವರಾಗಲಿ, ಹಣ್ಣು ಮಾರುವವಳಾಗಲಿ, ಆಸ್ಪತ್ರೆಯ ದೊಡ್ಡ ಡಾಕ್ಟರೇ ಆಗಲಿ, ಹಿಮ್ಮಡಿಯಿಂದ ಮೊಣಕಾಲಿನವರೆಗೆ ಒಂದು ಗಳಿಗೆ ನೋಡಿ ಆಮೇಲೆ ಮುಖ ಎತ್ತುತ್ತಿದ್ದರು. ಹೊಸಬರು ಅವರನ್ನು ನಾಚಿಕೆಯ ಹೆಂಗಸು ಎಂದುಕೊಳ್ಳುತ್ತಿದ್ದರು. ಅವರಷ್ಟು ನಾಚಿಕೆ ಇಲ್ಲದೆ ಇನ್ನೊಬ್ಬರ ಸೀರೆಯ ಅಂಚನ್ನೋ ಪಾಯಜಾಮದ ತುದಿಯನ್ನೋ ಎತ್ತಿ ನೋಡುವವರನ್ನು ನಾನು ಬೇರೆ ಕಂಡಿಲ್ಲ.

ಈ ವರ್ಷ ಯುಗಾದಿ ಮುಗಿದ ವಾರ ಜಹೀರಾಬಾದಿನ ಮಗನ ಮನೆಯಲ್ಲಿ ಅವರು ತೀರಿಕೊಂಡರು. ಮನೆಯವರು ಫೋನು ಮಾಡುವ ಮೊದಲೇ ಕೊಹೀರಿನ ಹಳೆಯ ಪೇಶಂಟೊಬ್ಬರ ಮಗಳು ನನಗೆ ಸುದ್ದಿ ಮುಟ್ಟಿಸಿದ್ದಳು.

ಬೈಪಾಸ್ ಆಪರೇಷನ್ ಎಂದರೆ ಎಲ್ಲರ ಲಕ್ಷ್ಯವೂ ಎದೆಗೆ ಹೋಗುತ್ತದೆ. ಅತ್ತ ಸರ್ಜನ್ ಎದೆ ತೆರೆಯುತ್ತಿರುವಾಗಲೇ ಇತ್ತ ಇನ್ನೊಬ್ಬರು ಕಾಲಿನ ಬಳಿ ಬಗ್ಗಿ ನಿಂತಿರುತ್ತಾರೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಪಾದದ ಒಳಗಂಟಿನಿಂದ ತೊಡೆಯವರೆಗೆ ಚರ್ಮದ ಕೆಳಗೆ ಒಂದು ಉದ್ದನೆಯ ರಕ್ತನಾಳವಿದೆ. ನಮ್ಮ ಕಡೆ ಜನ ಅದನ್ನೂ ನರ ಎಂದೇ ಅನ್ನುತ್ತಾರೆ. ಅದನ್ನು ನೋಯದಂತೆ ಬಿಡಿಸಿ ತೆಗೆದು, ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ, ಹೃದಯದಲ್ಲಿ ಮುಚ್ಚಿಹೋದ ದಾರಿಗಳಿಗೆ ಬದಲು ದಾರಿಯಾಗಿ ಹೊಲಿಯುತ್ತಾರೆ. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಆ ನಾಳ ತೆಗೆದವರು ಇವರು. ಓದಿದ್ದು ನರ್ಸಿಂಗ್. ನಾರಾಯಣಖೇಡದ ಹತ್ತಿರದ ಒಂದು ಹಳ್ಳಿಯ ಕೂಲಿ ಮಾಡುವ ಮನೆಯ ಮಗಳು. ಅವರು ಹಾಕಿದ ಹೊಲಿಗೆಯನ್ನು ಒಮ್ಮೆ ನೋಡಿದ ಹಿರಿಯ ಸರ್ಜನ್ ಈ ಕೈ ವಾರ್ಡಿನಲ್ಲಿ ಇರುವಂಥದ್ದಲ್ಲ ಎಂದು ಥಿಯೇಟರಿಗೆ ಕರೆತಂದು ಕೆಲಸ ಕಲಿಸಿದರಂತೆ. ಥಿಯೇಟರಿನಲ್ಲಿ ಎಲ್ಲರಿಗೂ ಅವರು ಅಕ್ಕ. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಸರ್ಜನ್ ಕೂಡ ಅಕ್ಕ ಎಂದೇ ಕೂಗುತ್ತಿದ್ದರು. ಸರ್ಜನ್ನರ ಜೊತೆ ತೆಲುಗು, ವಾರ್ಡಿನಲ್ಲಿ ಉರ್ದು. ಕಾಲಿನ ಮೇಲೆ ಬಗ್ಗಿದಾಗ ಮಾತ್ರ ತಮ್ಮಷ್ಟಕ್ಕೆ ಕನ್ನಡದಲ್ಲಿ ಏನೋ ಅಂದುಕೊಳ್ಳುತ್ತಿದ್ದರು.

ನಾನು ಅಲ್ಲಿಗೆ ಸೇರಿದ್ದು ಸರ್ಜನ್ನರ ಸಹಾಯಕಿಯಾಗುವ ಕೋರ್ಸು ಮುಗಿಸಿಕೊಂಡು. ಊರು ಯಾವುದೆಂದು ಅಕ್ಕ ತೆಲುಗಿನಲ್ಲಿ ಕೇಳಿದರು. ತಾಂಡೂರು ಎಂದ ಕೂಡಲೇ ಕನ್ನಡಕ್ಕೆ ಹೊರಳಿದರು.

“ಎಷ್ಟೊತ್ತು ನಿಂದರ್ತಿ?”

ಎಷ್ಟು ಹೊತ್ತಾದರೂ ನಿಲ್ಲುತ್ತೇನೆ ಎಂದೆ.

“ಮೊದಲ ನಿಂದ್ರೂದು ಕಲಿ. ಕೈ ಮಾತು ಆಮ್ಯಾಲ.”

ಎರಡು ತಿಂಗಳು ನಿಂತು ನೋಡಿದ್ದೇ ನನ್ನ ಕೆಲಸ. ಆಮೇಲೆ ಉಳ್ಳಾಗಡ್ಡಿ ಬಂತು. ಊಟದ ಡಬ್ಬಿಯ ಜೊತೆ ಅಕ್ಕ ದಿನಾ ಎರಡು ಉಳ್ಳಾಗಡ್ಡಿ ತರುತ್ತಿದ್ದರು. ಉಳ್ಳಾಗಡ್ಡಿಯ ಎರಡು ಪದರುಗಳ ನಡುವೆ ಒಂದು ತೆಳ್ಳನೆಯ ಪೊರೆ ಇರುತ್ತದಲ್ಲ, ಅದನ್ನು ಚಿಮಟದಿಂದ ಹರಿಯದಂತೆ ಎಬ್ಬಿಸಬೇಕು. ಮೊದಲ ವಾರ ಒಂದೂ ಇಡಿಯಾಗಿ ಬರಲಿಲ್ಲ. ನಾನು ಕಣ್ಣೊರೆಸಿಕೊಳ್ಳುತ್ತಾ ಹರಿಯುತ್ತಿದ್ದರೆ ಅವರು ಪಕ್ಕದಲ್ಲಿ ಜೋಳದ ರೊಟ್ಟಿ ತಿನ್ನುತ್ತಾ ಅದೇ ಎರಡು ಮಾತು ಹೇಳುತ್ತಿದ್ದರು: “ಹಿಡೀಬ್ಯಾಡ, ಎತ್ತು.” ಯಾಕೆ ಇಷ್ಟು ನಾಜೂಕು ಎಂದು ಒಂದು ದಿನ ಬೇಸತ್ತು ಕೇಳಿದೆ. ರೊಟ್ಟಿ ಕೆಳಗಿಟ್ಟರು.

“ನರ ಹಿಚುಕಿದ್ರ ಇವತ್ತು ಅದು ಏನೂ ಅನ್ನಂಗಿಲ್ಲ. ಐದು ವರ್ಷ ಆದ ಮ್ಯಾಲ ಹೇಳ್ತದ. ಆವಾಗ ನೀ ಎಲ್ಲಿರ್ತಿ, ನಾ ಎಲ್ಲಿರ್ತೀನಿ. ಅವರು ಮಾತ್ರ ಎದಿ ಹಿಡ್ಕೊಂಡು ಕೂಡ್ತಾರ.”

ಇದು ಬರೀ ಮಾತಲ್ಲ ಎಂದು ಮುಂದೆ ಪುಸ್ತಕದಲ್ಲಿ ಓದಿದೆ. ನಾಳದ ಒಳಮೈ ಬಲು ಸೂಕ್ಷ್ಮ. ಜಗ್ಗಿದರೆ, ಸೋರುತ್ತದೋ ಇಲ್ಲವೋ ನೋಡಲು ಸಿರಿಂಜಿನಿಂದ ಜೋರಾಗಿ ಉಬ್ಬಿಸಿದರೆ, ಅದು ಒಳಗೊಳಗೇ ಬಿರಿಯುತ್ತದೆ. ಕೆಲವು ವರ್ಷಗಳ ಮೇಲೆ ಅಲ್ಲಿಯೇ ದಪ್ಪಗಟ್ಟಿ ದಾರಿ ಮುಚ್ಚುತ್ತದೆ. ಅಕ್ಕ ಇದನ್ನು ಓದಿ ತಿಳಿದವರಲ್ಲ. ಎರಡನೇ ಸಲ ಎದೆನೋವೆಂದು ಬಂದವರ ಮುಖ ನೋಡಿ ನೋಡಿ ತಿಳಿದವರು.

ಆಪರೇಷನ್ನಿನ ಹಿಂದಿನ ಸಂಜೆ ಅವರು ಪೇಶಂಟಿನ ಹಾಸಿಗೆಯ ಬಳಿ ಹೋಗುತ್ತಿದ್ದರು. ಎದ್ದು ನಿಲ್ಲಲು ಹೇಳಿ, ತಾವು ನೆಲದ ಮೇಲೆ ಕೂತು, ಕಣ್ಣು ಮುಚ್ಚಿ ಬೆರಳಿನಿಂದ ನಾಳ ಹುಡುಕುತ್ತಿದ್ದರು. ಸಿಕ್ಕಲ್ಲಿ ನೀಲಿ ಪೆನ್ನಿನಿಂದ ಒಂದು ಗೆರೆ. ಆಮೇಲೆ ಕಾಲಿಗೂ ಸ್ಕ್ಯಾನ್ ಮಾಡುವ ಪದ್ಧತಿ ಬಂತು. ಆಗಲೂ ಅಕ್ಕ ಮೊದಲು ತಮ್ಮ ಗೆರೆ ಎಳೆದು, ಆಮೇಲೆ ಸ್ಕ್ಯಾನಿನವನನ್ನು ಕರೆಯುತ್ತಿದ್ದರು. ಅವನ ಯಂತ್ರ ಅಕ್ಕನ ಗೆರೆಯ ಮೇಲೆಯೇ ಮೊಣಕಾಲು ದಾಟಿ ತೊಡೆಗೆ ಹೋಗುವುದನ್ನು ನಾನು ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುವುದು ತಪ್ಪಲಿಲ್ಲ. ಗೆರೆ ಎಳೆದಾದ ಮೇಲೆ, ಪಕ್ಕದ ಮನೆಗೆ ಏನೋ ಕೇಳಲು ಹೋದವರಂತೆ ಹೇಳುತ್ತಿದ್ದರು: “ನಿಮ್ಮ ಕಾಲಾಗಿಂದ ಒಂದು ನರ ಇಸ್ಕೋತೀನ್ರಿ. ಎದಿಗಿ ಬೇಕಾಗ್ಯದ.” ತೆಗೆದರೆ ನಡೆಯಲು ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಿದ್ದರು. ಒಳಗೆ ಇನ್ನೂ ದೊಡ್ಡ ನರ ಇದೆ, ಅದು ಇದರ ಭಾರವನ್ನೂ ಹೊರುತ್ತದೆ ಎಂದು ಎಲ್ಲರಿಗೂ ಅಷ್ಟೇ ಸಾವಧಾನದಿಂದ ಹೇಳುತ್ತಿದ್ದರು.

ರವಿವಾರ ಬಂತೆಂದರೆ ಅವರು ಊರಲ್ಲಿ ಇರುತ್ತಿರಲಿಲ್ಲ. ಬೆಳಗಿನ ಬಸ್ಸು ಹಿಡಿದು ಜಹೀರಾಬಾದ್, ಕೊಹೀರ್, ನಾರಾಯಣಖೇಡ; ಇಲ್ಲವೇ ರೈಲು ಹಿಡಿದು ತಾಂಡೂರು. ತಾವು ನಾಳ ತೆಗೆದವರಲ್ಲಿ ನಮ್ಮ ಸೀಮೆಯವರು ಯಾರ ಯಾರು ಎಲ್ಲಿದ್ದಾರೋ ಅವರ ಕಾಲು ನೋಡಿ ಬರುವುದು. ಇದು ಆಸ್ಪತ್ರೆಯವರು ಹೇಳಿದ ಕೆಲಸವಲ್ಲ. ಎದೆ ನೋಡಲು ಡಾಕ್ಟರು ಇದ್ದಾರೆ, ಕಾಲಿನ ಮಾತು ಯಾರೂ ಕೇಳುವುದಿಲ್ಲ ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು. ಹೃದಯ ಸರಿಹೋಗಿ ಮನೆಗೆ ಬಂದವರನ್ನು ಕಾಡುತ್ತಿದ್ದುದು ಎಷ್ಟೋ ಸಲ ಕಾಲಿನ ಗಾಯ: ಊತ, ಕೀವು, ಹಿಮ್ಮಡಿಯ ಪಕ್ಕ ಜೋಮು ಹಿಡಿದಂತೆ ಆಗುವುದು.

ಅವರ ಚೀಲದಲ್ಲಿ ಒಂದು ಉದ್ದನೆಯ ನೋಟುಬುಕ್ಕು ಇರುತ್ತಿತ್ತು. ಪುಟಕ್ಕೊಬ್ಬರು. ಪ್ರತಿ ಪುಟದಲ್ಲೂ ಎರಡು ಕಾಲಿನ ಚಿತ್ರ, ಎಲ್ಲಿ ಕೊಯ್ದದ್ದು, ಎಲ್ಲಿ ಬಾತದ್ದು, ಎಲ್ಲಿ ಒಣಗಿದ್ದು. ಕೊಹೀರಿನ ಒಬ್ಬ ಮುದುಕಿಯ ಕಾಲು ಮೊಣಕಾಲಿನ ಪಕ್ಕದಲ್ಲಿ ಮತ್ತೆ ಮತ್ತೆ ಬಾಯಿ ಬಿಡುತ್ತಿತ್ತು. ಕಳೆ ತೆಗೆಯಲು ಕುಕ್ಕರುಗಾಲಲ್ಲಿ ಕೂತಾಗಲೆಲ್ಲ ಹೊಲಿಗೆಯ ಮೇಲೆ ಜಗ್ಗು ಬೀಳುತ್ತಿದೆ ಎಂದು ಅಕ್ಕ ಅವಳ ಹೊಲದ ಬದುವಿನ ಮೇಲೆ ನಿಂತು ನೋಡಿ ಕಂಡುಹಿಡಿದರು. ಅದೇ ಗಾಯ ಅದೇ ಜಾಗದಲ್ಲಿ ಇನ್ನೂ ಕೆಲವು ಪುಟಗಳಲ್ಲಿತ್ತು. ನೋಟುಬುಕ್ಕು ಒಯ್ದು ಸರ್ಜನ್ನರ ಮೇಜಿನ ಮೇಲೆ ಬಿಚ್ಚಿಟ್ಟರು. ಆವತ್ತಿನಿಂದ ಕಾಲಿನುದ್ದಕ್ಕೂ ಒಂದೇ ಕೊಯ್ತ ಹಾಕುವುದು ನಿಂತಿತು. ನಡುನಡುವೆ ಚರ್ಮವನ್ನು ಸೇತುವೆಯಂತೆ ಹಾಗೇ ಬಿಟ್ಟು, ಚಿಕ್ಕ ಚಿಕ್ಕ ಕೊಯ್ತಗಳ ಮೂಲಕ ನಾಳ ಬಿಡಿಸುವುದನ್ನು ರೂಢಿ ಮಾಡಿದರು. ಕೆಲಸ ಕಷ್ಟವಾಯಿತು, ನಿಧಾನವೂ ಆಯಿತು. ಗಾಯಗಳು ಮಾತ್ರ ಜಲ್ದಿ ಮಾಯತೊಡಗಿದವು.

ಈಗ ನನ್ನ ತಪ್ಪಿನ ಮಾತು ಹೇಳಬೇಕು.

ನಾನು ಸೇರಿ ಎರಡನೇ ವರ್ಷ. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಒಬ್ಬ ಕಾಕಾ ಆಪರೇಷನ್ನಿಗೆ ಬಂದಿದ್ದರು. ದಿನಗಟ್ಟಲೆ ನೀರಿನಲ್ಲಿ ನಿಂತೇ ಮಾಡುವ ಕೆಲಸ. ಎಡಗಾಲಿನ ನಾಳಗಳು ಉಬ್ಬಿ ಗಂಟುಗಂಟಾಗಿ ಯಾವುದಕ್ಕೂ ಬಾರದಂತಾಗಿದ್ದವು. ಬಲಗಾಲಿನದೊಂದೇ ಆಸರೆ. ಅಕ್ಕ ಬಿಡಿಸುತ್ತಿದ್ದರು. ಬಿಡಿಸಿದ ನಾಳದ ಸುತ್ತ ಒಂದು ಮೆತ್ತನೆಯ ದಾರ ಹಾಕಿ ಮೆಲ್ಲಗೆ ಎತ್ತಿ ಹಿಡಿಯುವ ಕೆಲಸ ನನ್ನದು. ಅತ್ತ ಸರ್ಜನ್ ಏನೋ ಕೇಳಿದರು, ನಾನು ತಲೆ ತಿರುಗಿಸಿದೆ. ಕೈ ನನಗೆ ಗೊತ್ತಿಲ್ಲದೆಯೇ ಮೇಲೆ ಹೋಯಿತು. ನಾಳ ತಂತಿಯಂತೆ ಬಿಗಿಯಿತು. ಒಂದು ಸಣ್ಣ ಕವಲು ಬುಡದಲ್ಲೇ ಕಿತ್ತು ಬಂತು.

ಅಕ್ಕ ನನ್ನ ಕಡೆ ನೋಡಲಿಲ್ಲ. ಕಿತ್ತ ಜಾಗಕ್ಕೆ ಕೂದಲಿನಂಥ ದಾರದಿಂದ ಹೊಲಿಗೆ ಹಾಕಿದರು. ನಾಳ ಹೊರತೆಗೆದು, ಸಿರಿಂಜಿನಿಂದ ಮೆಲ್ಲಗೆ ತುಂಬಿ ನೋಡಿದರು. ಒಂದು ಹನಿಯೂ ಸೋರಲಿಲ್ಲ. ನನಗೆ ಉಸಿರು ಬಂತು. ನಾಳ ಸಿದ್ಧವೇ ಎಂದು ಸರ್ಜನ್ ಕೇಳಿದರು.

ಮೇಲಿನ ಅರ್ಧ ಚೆನ್ನಾಗಿದೆ, ಕೆಳಗಿನ ಅರ್ಧ ಬೇಡ ಎಂದು ಅಕ್ಕ ತೆಲುಗಿನಲ್ಲಿ ಹೇಳಿದರು. ಸರ್ಜನ್ ಬಂದು ನೋಡಿದರು. ಸೋರುತ್ತಿಲ್ಲವಲ್ಲ, ಕೊಡಿ ಎಂದರು. ಎದೆ ತೆರೆದಿತ್ತು. ಹೃದಯದ ಕೆಲಸವನ್ನು ಇನ್ನೂ ಯಂತ್ರಕ್ಕೆ ಒಪ್ಪಿಸಿರಲಿಲ್ಲ, ಅಷ್ಟೇ. ಥಿಯೇಟರಿನಲ್ಲಿ ಎಲ್ಲರೂ ನಮ್ಮ ಕಡೆ ತಿರುಗಿದ್ದರು. ಅಕ್ಕ ಮತ್ತೆ ಬೇಡ ಎಂದರು. ಕೆಳಗಿನ ಅರ್ಧವನ್ನು ಜಗ್ಗಿದ್ದೇನೆ, ಒಳಗೆ ಏನಾಗಿದೆಯೋ ಹೇಳಲಾರೆ, ನನ್ನ ಕೈತಪ್ಪು ಎಂದರು. ಸರ್ಜನ್ ಸಿಟ್ಟಿನ ಮನುಷ್ಯ. ಅವರ ದನಿ ಏರಿತು. ಅಕ್ಕ ಕತ್ತರಿ ತೆಗೆದುಕೊಂಡು ಆ ಅರ್ಧವನ್ನು ಕತ್ತರಿಸಿ ತಟ್ಟೆಗೆ ಹಾಕಿದರು. ಇನ್ನು ವಾದ ಮಾಡಲು ಏನೂ ಉಳಿಯಲಿಲ್ಲ.

“ಕಾಲು ಎತ್ತಿ ಹಿಡಿ,” ಎಂದರು ನನಗೆ.

ಮೀನಖಂಡದ ಹಿಂಭಾಗದಲ್ಲಿ ಇನ್ನೊಂದು ನಾಳವಿರುತ್ತದೆ. ಚಿಕ್ಕದು, ತೆಗೆಯಲು ತ್ರಾಸಿನದು. ಕಾಕಾನ ಕಾಲನ್ನು ನಾನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತೆ. ಅಕ್ಕ ಅದರ ಕೆಳಗೆ ಕತ್ತು ತಿರುಚಿಕೊಂಡು ಕೆಲಸ ಮಾಡಿದರು. ಬೆವರು ಕಣ್ಣಿಗಿಳಿಯಿತು. ಆ ಅರ್ಧ ಗಂಟೆಯಷ್ಟು ಉದ್ದದ ಹೊತ್ತನ್ನು ನಾನು ಜೀವನದಲ್ಲಿ ಕಂಡಿಲ್ಲ. ಅಕ್ಕನ ಬೆರಳು ಮಾತ್ರ ಉಳ್ಳಾಗಡ್ಡಿಯ ಪೊರೆ ಎತ್ತುವಾಗಿನ ವೇಗದಲ್ಲೇ ಇದ್ದವು. ಒಂದು ಗುಲಗಂಜಿಯಷ್ಟೂ ಅವಸರವಿಲ್ಲ. ಎಲ್ಲರ ಸಿಟ್ಟು, ಗಡಿಯಾರ, ತೆರೆದ ಎದೆ, ಇವೆಲ್ಲ ಬೇರೆ ಯಾವುದೋ ಊರಿನಲ್ಲಿ ಇದ್ದಂತೆ.

ಆಪರೇಷನ್ ಸುಸೂತ್ರ ಮುಗಿಯಿತು. ಸರ್ಜನ್ ಮೂರು ದಿನ ಅಕ್ಕನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಅವರೇ ಚಹಾ ತರಿಸಿ, ಆವತ್ತು ತಾನು ದನಿ ಏರಿಸಬಾರದಿತ್ತು ಎಂದರಂತೆ. ನಾನು ಆಪರೇಷನ್ನಿನ ದಿನ ಸಂಜೆಯೇ ಅಕ್ಕನ ಎದುರು ಅತ್ತೆ. ತಪ್ಪು ನನ್ನದು, ಸರ್‌ಗೆ ಹೇಳಿಬರುತ್ತೇನೆ ಎಂದೆ.

“ಕಲಿಸ್ಲತಿದ್ದವಳು ನಾ. ಅಂದ ಮ್ಯಾಲ ಕೈ ನಂದೇ,” ಎಂದರು. ಆಮೇಲೆ, “ಒಬ್ಬರಿಗಿ ಹೇಳಬೇಕಾಗ್ತದ. ಸರ್‌ಗ ಅಲ್ಲ.”

ಅದು ಯಾರೆಂದು ಕೇಳುವ ಧೈರ್ಯ ನನಗಿರಲಿಲ್ಲ. ಗೊತ್ತಾಗಲು ಹೆಚ್ಚು ಹೊತ್ತೂ ಬೇಕಾಗಲಿಲ್ಲ. ಮರುದಿನ ಅವರು ಕಾಕಾನ ಹೆಂಡತಿಯನ್ನು ಕೂರಿಸಿಕೊಂಡು, ಮೀನಖಂಡದ ಹಿಂದಿನ ಹೆಚ್ಚಿನ ಗಾಯ ತಮ್ಮ ಕೈತಪ್ಪಿನಿಂದ ಆದದ್ದು, ಅದು ಮಾಯುವ ತನಕ ತಾವೇ ಬಂದು ನೋಡುವುದಾಗಿ ಹೇಳಿದರು. ಇದು ಕಚೇರಿಯವರ ಕಿವಿಗೆ ಬಿದ್ದು, ಇಂಥದ್ದನ್ನೆಲ್ಲ ಪೇಶಂಟಿನ ಮನೆಯವರಿಗೆ ಹೇಳಕೂಡದೆಂದು ಅವರಿಗೆ ತಾಕೀತು ಬಂತು. ಆ ಕಾಗದವನ್ನು ಮಡಚಿ, ಬುದ್ಧನ ಚಿಕ್ಕ ಪಟ ಅಂಟಿಸಿದ್ದ ತಮ್ಮ ಲಾಕರಿನಲ್ಲಿಟ್ಟರು. ಕಾಕಾ ಮನೆಗೆ ಹೋದ ಮೇಲಿನ ರವಿವಾರ ನನ್ನನ್ನೂ ಕರೆದುಕೊಂಡು ತಾಂಡೂರಿನ ರೈಲು ಹತ್ತಿದರು.

ಕಾಕಾನ ಮನೆ ಪಾಲಿಶ್ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿತ್ತು. ಅಂಗಳದ ತುಂಬ ಫರಸಿಯ ತುಣುಕುಗಳನ್ನೇ ಹಾಸಿದ್ದರು. ಅಕ್ಕ ನೆಲದ ಮೇಲೆ ಕೂತು ಕಾಕಾನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಬಿಚ್ಚಿದರು. ಹೆಂಡತಿಗೆ ಹೇಳಿದ್ದನ್ನೇ ಮತ್ತೆ ಕಾಕಾನಿಗೂ ಹೇಳಿದರು: ನಾನು ಜಗ್ಗಿದೆ, ಅದಕ್ಕೆ ಇನ್ನೊಂದು ಕಡೆ ಕೊಯ್ಯಬೇಕಾಯಿತು. ತಪ್ಪು ನನ್ನದೆಂದು ನಾನು ಹೇಳಲಿಲ್ಲ. ಆ ಗಾಯ ಪೂರ್ತಿ ಮಾಯಲು ಏಳು ವಾರ ಹಿಡಿಯಿತು. ಏಳು ರವಿವಾರವೂ ಅಕ್ಕ ತಾಂಡೂರಿಗೆ ಹೋದರು. ಪ್ರತಿ ಸಲ ನಾನು ಜೊತೆಗಿದ್ದೆ, ಪ್ರತಿ ಸಲ ಇವತ್ತು ಹೇಳುತ್ತೇನೆ ಎಂದುಕೊಂಡು ಹೋಗಿ ಹೇಳದೆ ಬಂದೆ. ಅಕ್ಕ ಒಮ್ಮೆಯೂ ನನ್ನನ್ನು ಒತ್ತಾಯಿಸಲಿಲ್ಲ.

ಅವರಿಗೆ ಐವತ್ತು ದಾಟಿದ ಮೇಲೆ ದುರ್ಬೀನಿನಂಥ ಸಲಕರಣೆ ಬಂತು. ಮೊಣಕಾಲಿನ ಬಳಿ ಎರಡು ಬೆರಳಗಲದ ಕೊಯ್ತ ಸಾಕು; ಅದರೊಳಗಿಂದ ಕ್ಯಾಮೆರಾ ಇರುವ ಕೊಳವೆ ಸರಿಸಿ, ಪರದೆಯ ಮೇಲೆ ನೋಡುತ್ತಾ ನಾಳ ಬಿಡಿಸುವುದು. ಕಲಿಸಲು ಬಂದವನಿಗೆ ಅವರ ಅರ್ಧದಷ್ಟು ವಯಸ್ಸು. ಅಕ್ಕ ಅವನನ್ನು ಸರ್ ಎಂದು ಕರೆದರು. ಇಷ್ಟು ವರ್ಷ ಬೆರಳ ತುದಿಯಿಂದ ಕಂಡದ್ದನ್ನು ಈಗ ಪರದೆಯ ಮೇಲೆ ಕಾಣಬೇಕು. ಮೊದಮೊದಲು ಕೈ ಎಡಕ್ಕೆ ಹೋದರೆ ಕಣ್ಣು ಬಲಕ್ಕೆ ಹೋಗುತ್ತಿತ್ತು. “ನಾ ಈಗ ಮತ್ತ ಒಂದನೇತ್ತಾ,” ಎಂದು ಹೇಳಿಕೊಂಡು, ಒಂದನೇ ತರಗತಿಯ ಮಗುವಿನಂತೆ ತಿಂಗಳುಗಟ್ಟಲೆ ಕಲಿಕೆಯ ಮಾದರಿಯ ಮೇಲೆ ತಾಲೀಮು ಮಾಡಿದರು. ಕೈ ಕೂಡುವವರೆಗೆ ಮನುಷ್ಯರ ಕಾಲು ಮುಟ್ಟಲು ಒಪ್ಪಲಿಲ್ಲ. ಒಪ್ಪಿದ ಮೇಲೂ ಎಲ್ಲ ಕಾಲಿಗೂ ಒಂದೇ ದಾರಿ ಹಿಡಿಯಲಿಲ್ಲ. ಸಕ್ಕರೆ ಕಾಯಿಲೆಯವರಿಗೆ, ಗಾಯ ಮಾಯದ ಮೈಯವರಿಗೆ ದುರ್ಬೀನು. ಕಾಲು ಗಟ್ಟಿ ಇದ್ದು ಹೃದಯಕ್ಕೆ ಬಹುಕಾಲ ಬಾಳುವ ನಾಳವೇ ಬೇಕೆನಿಸಿದವರಿಗೆ ಹಳೆಯ ರೀತಿ. ಅದರಲ್ಲೂ ಸುತ್ತಲಿನ ಕೊಬ್ಬಿನ ಹೊದಿಕೆಯ ಸಮೇತ, ನಾಳವನ್ನು ಮುಟ್ಟದೆಯೇ ತೆಗೆಯುವುದು. ಯಾವುದು ಮೇಲು ಎಂಬ ವಾದ ಡಾಕ್ಟರುಗಳಲ್ಲಿ ಇನ್ನೂ ಮುಗಿದಿಲ್ಲ. ಅಕ್ಕ ವಾದಕ್ಕೆ ಹೋಗದೆ ಕಾಲು ನೋಡಿ ತೀರ್ಮಾನಿಸುತ್ತಿದ್ದರು.

ನಿವೃತ್ತಿಯಾದ ಮೇಲೆ ಜಹೀರಾಬಾದಿನ ಮಗನ ಮನೆಗೆ ಹೋದರು. ಎರಡು ವರ್ಷಕ್ಕೆ ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾಯಿತು. ಥಿಯೇಟರಿನಲ್ಲಿ ಅವರ ಜಾಗದಲ್ಲಿ ನಾನು ನಿಂತಿದ್ದೆ.

ಕಳೆದ ಚಳಿಗಾಲದಲ್ಲಿ ತಾಂಡೂರಿನ ಕಾಕಾ ಮತ್ತೆ ಎದೆನೋವೆಂದು ಬಂದರು. ಆಪರೇಷನ್ನಾಗಿ ಒಂಬತ್ತು ವರ್ಷವಾಗಿತ್ತು. ಹಾಕಿದ ನಾಳಗಳು ಮುಚ್ಚಿರಬೇಕು ಎಂದೇ ಎಲ್ಲರ ಅನುಮಾನ. ಆಂಜಿಯೋಗ್ರಾಮ್ ಮಾಡುವ ಕೋಣೆಯಲ್ಲಿ ನನಗೆ ಕೆಲಸವಿರಲಿಲ್ಲ, ಆದರೂ ಹೋಗಿ ಗಾಜಿನಾಚೆ ನಿಂತೆ. ಹೃದಯದ ನಾಳಗಳೊಳಗೆ ಬಣ್ಣದ ಔಷಧ ಬಿಟ್ಟರು. ಪರದೆಯ ಮೇಲೆ ಒಂದು ಕಪ್ಪು ಗೆರೆ ಮೇಲಿನಿಂದ ಇಳಿದು ಹೃದಯದ ಹಿಂಬದಿಗೆ ಬಳುಕಿ ಹೋಗಿ, ಸಣ್ಣ ಸಣ್ಣ ಕವಲುಗಳಿಗೆ ಹರಡಿತು. ಎಲ್ಲೂ ಸೊರಗಿರಲಿಲ್ಲ, ಒಂದು ಕಡೆಯೂ ತಡೆಯಿರಲಿಲ್ಲ. ಅದು ಮೀನಖಂಡದ ಹಿಂಭಾಗದಿಂದ ತೆಗೆದ ನಾಳವೆಂದು ಹಳೆಯ ಕಾಗದ ನೋಡಿ ಡಾಕ್ಟರು ಹೇಳಿದರು. ನೋವಿಗೆ ಕಾರಣ ಕಾಕಾನ ಹೃದಯದ ಸ್ವಂತ ನಾಳದ ಒಂದು ಸಣ್ಣ ಕವಲು ಕಿರಿದಾಗಿದ್ದುದು, ಗುಳಿಗೆಯಲ್ಲಿ ಹೋಗುವಂಥದ್ದು.

ಕಾಕಾನನ್ನು ವಾರ್ಡಿಗೆ ತಂದ ಮೇಲೆ ಹಾಸಿಗೆಯ ಪಕ್ಕ ಕೂತು ಹೇಳಿದೆ. ಆವತ್ತು ಜಗ್ಗಿದ್ದು ಅಕ್ಕ ಅಲ್ಲ, ನಾನು. ಏಳು ಸಲ ನಿಮ್ಮ ಮನೆಗೆ ಬಂದೂ ಹೇಳಲಿಲ್ಲ.

“ಆವತ್ತೇ ತಿಳದಿತ್ತು ನಮ್ಮವ್ವ,” ಎಂದರು ಕಾಕಾ. “ಅಕ್ಕ ಮಾತಾಡ್ಲತಿದ್ರು, ನೀ ನೆಲ ನೋಡ್ಕೋತ ಕುಂತಿದ್ದಿ.”

ಮುಂದಿನ ರವಿವಾರ ಜಹೀರಾಬಾದಿಗೆ ಹೋದೆ. ಆ ಪರದೆಯ ವಿಡಿಯೋವನ್ನು ಡಾಕ್ಟರ ಮತ್ತು ಕಾಕಾನ ಒಪ್ಪಿಗೆ ಪಡೆದು ಫೋನಿನಲ್ಲಿ ಇಳಿಸಿಕೊಂಡಿದ್ದೆ. ಅಕ್ಕ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಮುಖ ಬಾತಿತ್ತು, ದನಿ ಇಳಿದಿತ್ತು. ಕಾಕಾನಿಗೆ ಎಲ್ಲ ಹೇಳಿದೆ ಎಂದೆ. “ಆತು,” ಎಂದರು, ಅಷ್ಟೇ. ಫೋನನ್ನು ಅವರ ಕೈಗೆ ಕೊಟ್ಟು, ಇದು ನೀವು ತೆಗೆದ ನಾಳ ಅಕ್ಕಾ, ಒಂಬತ್ತು ವರ್ಷ ಆತು ಎಂದೆ.

ಎಷ್ಟೋ ಕಾಲುಗಳನ್ನು ಮತ್ತೆ ಮತ್ತೆ ನೋಡಿದ್ದ ಅವರು, ತಾವು ತೆಗೆದ ನಾಳ ವರ್ಷಗಳ ಮೇಲೆ ಎದೆಯೊಳಗೆ ಕೆಲಸ ಮಾಡುವುದನ್ನು ಹೀಗೆ ಕೈಯಲ್ಲಿ ಹಿಡಿದು ನೋಡಿದ್ದೇ ಇಲ್ಲವಂತೆ. ಒಮ್ಮೆ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಹಚ್ಚು ಎಂದರು. ಸೊಸೆ ತಂದಿಟ್ಟ ಚಹಾ ಆರಿತು. ಮೂರನೆಯ ಸಲವೋ ನಾಲ್ಕನೆಯ ಸಲವೋ ಬೆರಳನ್ನು ಗಾಜಿಗೆ ತಾಗಿಸದಂತೆ ಆ ಕಪ್ಪು ಗೆರೆಯ ಮೇಲೆಯೇ ಇಳಿಸಿದರು. ಪ್ರತಿ ಬಡಿತಕ್ಕೂ ಗೆರೆ ಕುಣಿಯುತ್ತಿತ್ತು, ಬೆರಳೂ ಅದರ ಜೊತೆ ಸರಿಯುತ್ತಿತ್ತು.

“ಕಾಲಾಗ ಇದ್ದಾಗ ಸಾವಕಾಶ ಹರಿಯೋ ನರ ಇದು,” ಎಂದರು. “ಇಷ್ಟು ಬಡಿತ ಇದರ ಹಣಿಯೊಳಗ ಬರೆದಿದ್ದಿಲ್ಲ. ಒಂದಿನ ತಂದು ಎದಿಗಿ ಹಚ್ಚಿದ್ವಿ. ತಡಕೊಳ್ಳಾಕ ನಾವೇನು ಕಲ್ಸಿದ್ವಿ ಇದಕ್ಕ? ತಾನಾ ಕಲ್ತದ.”

ಮತ್ತೆ ಹಚ್ಚು ಎಂದು ಫೋನನ್ನು ನನ್ನ ಕಡೆ ಚಾಚಿದರು.